ಇಡೀ ಮನೆ ಎಂದರೆ ಅಡುಗೆಮನೆಯೂ ಸೇರಿ

ಕಳೆದ ಚಳಿಗಾಲದಲ್ಲಿ ಮಗಳ ಕೆಮ್ಮು ಮೂರು ವಾರವಾದರೂ ನಿಲ್ಲದಿದ್ದಾಗ ನಮ್ಮ ಮನೆಗೂ ಏರ್ ಪ್ಯೂರಿಫೈಯರ್ ತರುವ ಮಾತು ಬಂತು. ಅಂಗಡಿಯಿಂದ ಬಂದ ಹುಡುಗ ಕೈಯಲ್ಲೊಂದು ಸಣ್ಣ ಮೀಟರ್ ಹಿಡಿದು ಹಾಲಿನಲ್ಲಿ, ಮಲಗುವ ಕೋಣೆಯಲ್ಲಿ ಅಳತೆ ತೆಗೆದ. "ಮೇಡಂ, ಈ ಮಾಡೆಲ್ ಒಂದಿದ್ದರೆ ಇಡೀ ಮನೆಗೆ ಸಾಕು" ಎಂದ. ಅದೇ ಹೊತ್ತಿಗೆ ಒಳಗೆ ಅಡುಗೆಗೆ ಬರುವಾಕೆ ಸಾರಿಗೆ ಒಗ್ಗರಣೆ ಹಾಕಿದಳು. ಒಣಮೆಣಸಿನಕಾಯಿಯ ಘಾಟು ಹಾಲಿನವರೆಗೂ ಬಂತು. ಮೀಟರನ್ನು ಸ್ವಲ್ಪ ಅಡುಗೆಮನೆಯ ಬಾಗಿಲಿಗೂ ಹಿಡಿಯಪ್ಪ ಎಂದೆ. ನೋಡನೋಡುತ್ತ ಅಂಕಿ ಮೂರಂಕಿಗೆ ಏರಿತು, ಏರುತ್ತಲೇ ಹೋಯಿತು. ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದಳು. ಹುಡುಗ ಮೀಟರ್ ಆರಿಸಿದ. "ಅಡುಗೆಮನೆಯಲ್ಲಿ ಹಾಗೇ ಮೇಡಂ, ಅದನ್ನ ಲೆಕ್ಕಕ್ಕೆ ತಗೋಬಾರದು."

ಲೆಕ್ಕಕ್ಕೆ ತಗೋಬಾರದು! ಇಡೀ ಮನೆಯಲ್ಲಿ ಅತಿ ಕೆಟ್ಟ ಗಾಳಿ ಇರುವ ಜಾಗವನ್ನು, ಅಲ್ಲಿ ನಿಂತು ನಮ್ಮೆಲ್ಲರ ಹೊಟ್ಟೆಗೆ ಬೇಯಿಸುವವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಾವು "ಇಡೀ ಮನೆ"ಯ ಗಾಳಿ ಶುದ್ಧ ಮಾಡಲು ಹೊರಟಿದ್ದೇವೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಆಡಿದ್ದು ನಮ್ಮ ಮಾತನ್ನೇ.

ನನ್ನ ಅವ್ವನ ಅಡುಗೆಮನೆಯನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತುಮಕೂರು ಕಡೆಯ ನಮ್ಮ ಹಳೆಯ ಮನೆಗೆ ಗಾಳಿಯಾಡುವ ಜಗಲಿ ಇತ್ತು, ಬೆಳಕಿನ ಪಡಸಾಲೆ ಇತ್ತು. ಬಂದವರು ಕೂರುತ್ತಿದ್ದುದು ಅಲ್ಲಿ. ಅಡುಗೆಮನೆ ಹಿಂದಿನ ಕತ್ತಲಲ್ಲಿ. ಸೂರಿನ ತುಂಬ ಇಲ್ಲಣ. ಮಳೆಗಾಲದ ಹಸಿ ಸೌದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಗೊಳವೆ ಊದುತ್ತಿದ್ದ ಅವ್ವನ ಕೆಂಪು ಕಣ್ಣು ಈಗಲೂ ನನ್ನ ಮುಂದಿದೆ. ಜನ್ಮದಲ್ಲಿ ಬೀಡಿ ಮುಟ್ಟದ ಆಕೆಗೆ ಅರವತ್ತು ತುಂಬುವ ಮೊದಲೇ ಉಬ್ಬಸ ಹಿಡಿಯಿತು. ವಯಸ್ಸಾಯಿತಲ್ಲ ಎಂದುಕೊಂಡೆವು. ಕೊನೆಗೆ ಒಬ್ಬ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಎಷ್ಟು ವರ್ಷ ಒಲೆ ಉರಿಸಿದಿರಿ ತಾಯಿ?" ನಲವತ್ತು ವರ್ಷ. ಒಲೆಯ ಹೊಗೆಯಿಂದ ಶ್ವಾಸಕೋಶ ಸವೆಯುವ ಈ ರೋಗಕ್ಕೆ ಸಿಒಪಿಡಿ ಎನ್ನುತ್ತಾರೆ ಎಂದು ನಮಗೆ ಗೊತ್ತಾದದ್ದು ಆವತ್ತು. ಆ ನಲವತ್ತು ವರ್ಷದಲ್ಲಿ ನಮ್ಮಲ್ಲಿ ಒಬ್ಬರಾದರೂ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಲಿಲ್ಲ.

ದಾರಿ ತಿಳಿದವರು ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು "ಅಸ್ತ್ರ" ಕೇಂದ್ರ ಕಟ್ಟಿದರು. ಅಲ್ಲಿಯ ವಿಜ್ಞಾನಿಗಳು ನಮ್ಮ ಜಿಲ್ಲೆಯದೇ ಆದ ಉಂಗ್ರ ಹಳ್ಳಿಯಲ್ಲಿ ಕೇಂದ್ರ ತೆರೆದು, ಹಳ್ಳಿ ಬದುಕಿಗೆ ಬೇಕಾದ ತಂತ್ರಜ್ಞಾನ ಯಾವುದೆಂದು ಅಲ್ಲಿಯೇ ಕೂತು ಅರಿತರು. ಕಡಿಮೆ ಸೌದೆಯಲ್ಲಿ ಉರಿಯುವ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುವ "ಅಸ್ತ್ರ ಒಲೆ" ಹುಟ್ಟಿದ್ದು ಹೀಗೆ. ದೊಡ್ಡ ವಿಜ್ಞಾನಿಗಳು ಮನೆಯ ಗಾಳಿಯ ಕೆಲಸವನ್ನು ಒಲೆಯ ಬುಡದಿಂದ ಶುರುಮಾಡಿದರು. ನಾವು ಐವತ್ತು ವರ್ಷ ಕಳೆದರೂ ಹಾಲಿನ ಸೋಫಾ ಪಕ್ಕದಿಂದ ಶುರುಮಾಡುತ್ತಿದ್ದೇವೆ.

ಮನೆಯೊಳಗಿನ ಒಲೆಯ ಹೊಗೆಗೆ 2020ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ 2 ಲಕ್ಷ 37 ಸಾವಿರಕ್ಕೂ ಹೆಚ್ಚು. ಗ್ಯಾಸ್ ಬಂತಲ್ಲ, ಈಗ ಆ ಕಾಲ ಮುಗಿಯಿತು ಎನ್ನುವವರು ಒಮ್ಮೆ ಬೆಳಗಿನ ಜಾವ ನಮ್ಮೂರಿನ ಕಡೆ ಬನ್ನಿ. ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಬಚ್ಚಲೊಲೆಯಲ್ಲಿ. ತೆಂಗಿನ ಗರಿ, ಮಟ್ಟೆ, ಸಿಪ್ಪೆ ಧಗಧಗ ಉರಿಯುತ್ತಿರುತ್ತವೆ. ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಕವರು. ಮೊಮ್ಮಕ್ಕಳನ್ನು ಚಳಿ ಕಾಯಿಸಲೆಂದು ಅದರ ಮುಂದೆಯೇ ಕೂರಿಸುತ್ತಾರೆ. ಪ್ಲಾಸ್ಟಿಕ್ ಉರಿದ ಹೊಗೆ ವಿಷ. ಅಜ್ಜಿಯರೇ, ಅಕ್ಕಂದಿರೇ, ನಿಮಗೆ ಕೈಮುಗಿದು ಕೇಳುತ್ತೇನೆ, ಆ ಕವರನ್ನು ಒಲೆಗೆ ಹಾಕಬೇಡಿ. ಒಂದು ಹಿಡಿ ಪುರಳೆ ಸಾಕು ಉರಿ ಹತ್ತಲು.

ಪೇಟೆಯವರ ಮಾತಿಗೆ ಬರುತ್ತೇನೆ. ಯಂತ್ರ ಕೊಳ್ಳುವವರು ಕೊಳ್ಳಲಿ. ಉಬ್ಬಸದ ಮಗು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ ಅದರಿಂದ ನಿಜವಾದ ಉಪಕಾರ ಉಂಟು. ಆದರೆ ತಿಳಿದು ಕೊಳ್ಳಿ. "ಇಡೀ ಮನೆಯ" ಯಂತ್ರವೆಂಬುದು ಹುಟ್ಟಿದ್ದು ಅಮೆರಿಕದಂಥ ದೇಶಗಳ ಮನೆಗಳಿಗೆ. ಅಲ್ಲಿ ಕೋಣೆಕೋಣೆಗೂ ಕಾವು, ತಂಪು ಹರಿಸುವ ಗಾಳಿಕೊಳವೆಗಳಿರುತ್ತವೆ, ಆ ಕೊಳವೆಯ ಬಾಯಲ್ಲಿ ಫಿಲ್ಟರ್ ಕೂರಿಸುತ್ತಾರೆ. ನಮ್ಮ ಮನೆಗಳಲ್ಲಿ ಅಂಥ ಕೊಳವೆ ಎಲ್ಲಿದೆ? ನಮಗೆ ಮಾರುವುದು ಒಂದು ಮೂಲೆಯಲ್ಲಿಡುವ ಡಬ್ಬಿ. ಅದರ ತಾಕತ್ತನ್ನು ಸಿಎಡಿಆರ್ ಎಂಬ ಅಂಕಿ ಹೇಳುತ್ತದೆ, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂದು. 1200 ಚದರಡಿಯ, ಹತ್ತಡಿ ಎತ್ತರದ ಮನೆಯಲ್ಲಿ ಸುಮಾರು 340 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲವಾದರೂ ಅದು ಸೋಸಿ ಬರಬೇಕೆಂದರೆ 1700 ಬೇಕು. ಡಬ್ಬಿಯ ಮೇಲೆ ಬರೆದಿರುವುದು 300 ಅಥವಾ 400 ಆಗಿದ್ದರೆ ಅದು ಒಂದು ಕೋಣೆಯ ಯಂತ್ರ, ಹೆಚ್ಚೆಂದರೆ ಎರಡು. ಬಾಗಿಲು ಮುಚ್ಚಿ, ಕೆಮ್ಮುವವರು ಮಲಗುವ ಕೋಣೆಯಲ್ಲಿ ಇಡಿ.

ಹೆಪಾ ಫಿಲ್ಟರ್ ಇರಲೇಬೇಕು. ಅಸಲಿ ಹೆಪಾ 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97ನ್ನು ಹಿಡಿಯುತ್ತದೆ. ಓಝೋನ್ ಬಿಡುವ ಯಂತ್ರ ಮಾತ್ರ ಬೇಡ, ಓಝೋನ್ ಎದೆಗೂಡನ್ನು ಕೆರಳಿಸುವ ಅನಿಲ. ಹೆಪಾ ಹಿಡಿಯುವುದು ಕಣವನ್ನಷ್ಟೇ, ಅನಿಲವನ್ನಲ್ಲ ಎಂಬುದು ನೆನಪಿರಲಿ. ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್ ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಈಚೆ ಬಾರದ ಸುದ್ದಿಯನ್ನು ಬೆಂಗಳೂರಿನಲ್ಲಿ ಎಷ್ಟು ಸಲ ಓದಿಲ್ಲ ನಾವು! ಅದನ್ನು ತಡೆಯುವುದು ಕಿಟಕಿ, ಮತ್ತು ಗೀಸರನ್ನು ಬಚ್ಚಲಿನ ಹೊರಗಿಡುವ ಬುದ್ಧಿ.

ನಮ್ಮ ಫ್ಲ್ಯಾಟುಗಳನ್ನೇ ನೋಡಿ. ಅಡುಗೆಮನೆಗೆ ಗಾಳಿ ಬರುತ್ತಿದ್ದ ಯುಟಿಲಿಟಿಗೆ ಗಾಜು ಮುಚ್ಚಿ ಸಾಮಾನು ತುಂಬಿದ್ದೇವೆ. ಚಂದಕ್ಕೆಂದು ಹಾಕಿಸಿದ ಚಿಮಣಿಯ ಕೊಳವೆ ಎಷ್ಟೋ ಮನೆಗಳಲ್ಲಿ ಹೊರಗೆ ಹೋಗುವುದೇ ಇಲ್ಲ. ಎಣ್ಣೆಜಿಡ್ಡು ಹಿಡಿದು ಉಳಿದ ಹೊಗೆಯನ್ನು ಬೇಯಿಸುವವರ ಮುಖಕ್ಕೇ ತಿರುಗಿ ಬಿಡುತ್ತದೆ. ಗೋಡೆ ಕೊರೆದು ಕೊಳವೆಯನ್ನು ಹೊರಗೆ ಕೊಂಡೊಯ್ಯಲು ಆಗುವ ಖರ್ಚು ಒಂದು ಒಳ್ಳೆಯ ಪ್ಯೂರಿಫೈಯರಿನಷ್ಟೂ ಇಲ್ಲ. ಸಂಜೆಯಾದರೆ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತೇವೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಕಣಗಳು ಹೊಮ್ಮುತ್ತವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿತು. ಮಗು ಮಲಗಿದ ಕೋಣೆಯಲ್ಲಿ ಯಾರಾದರೂ ಒಂದು ಸಿಗರೇಟು ಹಚ್ಚಿದರೆ ಜಗಳವೇ ಆಗುತ್ತದೆ. ಸೊಳ್ಳೆಪರದೆ ಕಟ್ಟಿ. ದೇವರ ಮುಂದೆ ಊದುಬತ್ತಿ ಹಚ್ಚುವಾಗ ಕಿಟಕಿಯ ಒಂದು ಬಾಗಿಲು ತೆಗೆದಿಡಿ. ಹಚ್ಚಬೇಡಿ ಎನ್ನಲು ನನಗೆ ಮನಸ್ಸಿಲ್ಲ, ನಾನೂ ಹಚ್ಚುವವಳೇ.

ಇಡೀ ಮನೆ ಎಂಬ ಮಾತು ನನ್ನನ್ನು ಇನ್ನೂ ಒಂದು ಕಡೆ ಕರೆದೊಯ್ಯಿತು. ನಮ್ಮ ಕಟ್ಟಡದ ಪಕ್ಕ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ವಾಚ್‌ಮನ್ ಸಂಸಾರ ರಾಯಚೂರು ಕಡೆಯದು, ತಗಡಿನ ಶೆಡ್ಡಿನಲ್ಲಿ ವಾಸ. ಮೂರು ಇಟ್ಟಿಗೆಯ ಒಲೆ. ಉರಿಸುವುದು ಸೆಂಟ್ರಿಂಗ್ ಹಲಗೆಯ ಚೂರು, ಬಣ್ಣ ಮೆತ್ತಿದ ಪ್ಲೈವುಡ್ಡು. ಒಂದು ಸಂಜೆ ಹೋಗಿ ಕೂತೆ. ಹೊಗೆಗೆ ನನಗೆ ಹತ್ತು ನಿಮಿಷ ಕೂರಲಾಗಲಿಲ್ಲ. "ನನಗ ಹೊಗಿ ರೂಢಿ ಆಗ್ಯದ ಬಿಡ್ರಿ ಅಕ್ಕಾರ, ಕೂಸಿನ ಕೆಮ್ಮೇ ನಿಂದ್ರವಲ್ದು" ಎಂದಳು ಆಕೆ, ರೊಟ್ಟಿ ಬಡಿಯುತ್ತಲೇ. ನನ್ನ ಮಗಳದೂ ಕೆಮ್ಮು. ಆ ಕೂಸಿನದೂ ಕೆಮ್ಮು. ನಡುವೆ ಒಂದು ಕಾಂಪೌಂಡ್ ಗೋಡೆ. ಆ ಹೊಗೆ ಗೋಡೆ ಹಾರಿ ನಮ್ಮ ಬಾಲ್ಕನಿಗೂ ಬರುತ್ತದೆ, ಆದರೆ ಅದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಬಾರದಿದ್ದರೂ ಆ ಕೂಸು ನಮ್ಮ ಲೆಕ್ಕದೊಳಗೆ ಇರಬೇಕಿತ್ತು.

ವಿಳಾಸದ ಕಾಗದವಿಲ್ಲದ ಇಂಥವರಿಗೆಂದೇ ಐದು ಕಿಲೋದ ಸಣ್ಣ ಸಿಲಿಂಡರ್ ಇದೆ. ಗುರುತಿನ ಚೀಟಿ ತೋರಿಸಿದರೆ ಸಾಕು. ಈ ಯೋಜನೆ 2013ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಮನೆ ಕಟ್ಟಿಸುವವರೇ, ಬಿಲ್ಡರುಗಳೇ, ಫ್ಲ್ಯಾಟಿನ ಸಂಘದವರೇ, ಕೋಟಿಗಟ್ಟಲೆಯ ಕಟ್ಟಡದ ಕಾವಲಿಗೆ ಒಂದು ಸಂಸಾರವನ್ನು ಕರೆತಂದು ಕೂರಿಸುತ್ತೀರಿ. ಮೊದಲ ದಿನವೇ ಅವರ ಕೈಗೆ ಒಂದು ಸಿಲಿಂಡರ್, ಒಂದು ಬರ್ನರ್ ಕೊಡಿ, ತುಂಬಿಸುವ ಹಣವನ್ನು ಸಂಬಳದ ಜೊತೆ ಸೇರಿಸಿ. ಶೆಡ್ಡಿಗೆ ಎದುರುಬದುರು ಎರಡು ಕಿಟಕಿ ಇಡಿಸಿ. ಗೇಟಿನ ಪಕ್ಕ ಒಣ ಎಲೆ, ಕಸ ಸುಡು ಎಂದು ಅವರಿಗೆ ಹೇಳಬೇಡಿ; ಬಯಲಲ್ಲಿ ಕಸ ಸುಟ್ಟರೆ ಐದು ಸಾವಿರ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ.

ನಮ್ಮ ಮನೆಗೆ ಆ ಯಂತ್ರ ಬಂದಿದೆ, ಮಗಳ ಕೋಣೆಯಲ್ಲಿದೆ. ಚಿಮಣಿಯ ಕೊಳವೆ ಗೋಡೆಯಾಚೆ ಹೋಗಿದೆ. ವಾಚ್‌ಮನ್ ಶೆಡ್ಡಿನಲ್ಲಿ ಎರಡು ತಿಂಗಳಿಂದ ಗ್ಯಾಸ್ ಉರಿಯುತ್ತಿದೆ. ಇವತ್ತು ಸಂಜೆ ನಿಮ್ಮ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಡುವ ಮುಂಚೆ ಅಡುಗೆಮನೆಯ ಕಿಟಕಿ ತೆಗೆಯಿರಿ. ಊಟಕ್ಕೆ ಕೂರುವ ಮುಂಚೆ ಕೆಳಗಿಳಿದು, ನಿಮ್ಮ ಗೇಟು ಕಾಯುವವರ ಮನೆಯಲ್ಲಿ ಒಲೆ ಯಾವುದರಿಂದ ಉರಿಯುತ್ತಿದೆ ಎಂದು ನೋಡಿ ಬನ್ನಿ.