ಕ್ರೀಡಾಸಂಘದ ಒಡೆತನ

ಸಂಸ್ಥೆಯೊಂದು ಯಾರದೆಂಬ ಪ್ರಶ್ನೆಗೆ ನ್ಯಾಯಶಾಸ್ತ್ರವು ಕೊಡುವ ಉತ್ತರ ಬಹು ಸರಳವಾದುದು: ಷೇರುಗಳು ಯಾರ ಹೆಸರಿನಲ್ಲಿವೆಯೋ, ನೆಲದ ಪತ್ರವು ಯಾರ ಪೆಟ್ಟಿಗೆಯಲ್ಲಿದೆಯೋ ಅವರದು. ವ್ಯಾಪಾರಕ್ಕೆಂದೇ ಹುಟ್ಟಿದ ಸಂಸ್ಥೆಗಳ ಮಟ್ಟಿಗೆ ಈ ಉತ್ತರದಲ್ಲಿ ಕುಂದೇನೂ ಕಾಣದು. ಆದರೆ ಬಂಡವಾಳವನ್ನು ಹೂಡದೆ, ಲಾಭದಲ್ಲಿ ಪಾಲು ಕೇಳದೆ, ಅಜ್ಜನ ಕಾಲದಿಂದಲೂ ಒಂದೇ ಮೈದಾನದ ಅಂಚಿನಲ್ಲಿ ನಿಂತು, ಗೆದ್ದಾಗ ಹಿಗ್ಗಿ ಬಿದ್ದಾಗ ಕುಗ್ಗಿ, ಎಷ್ಟು ಸೋಲು ಬಂದರೂ ಇನ್ನೊಂದು ತಂಡಕ್ಕೆ ಮನಸ್ಸು ಕೊಡದ ಜನರ ಬಲದಿಂದಲೇ ಜೀವ ಹಿಡಿದಿರುವ ಫುಟ್‌ಬಾಲ್ ಕ್ಲಬ್ಬಿನಂಥ ಸಂಸ್ಥೆಗೆ ಈ ಅಳತೆಯು ಹೊಂದುವುದೇ ಎಂಬುದು ವಿಚಾರಾರ್ಹವಾದ ವಿಷಯ. ಇದನ್ನು ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳ ನಡುವೆ ನಿಂತು ಪರೀಕ್ಷಿಸುವುದಕ್ಕಿಂತ ಐರ್ಲೆಂಡಿನ ಬಡ ಲೀಗಿನಲ್ಲಿ ಪರೀಕ್ಷಿಸುವುದು ಲೇಸೆಂದು ನನ್ನ ಮತ. ಹಣದ ಆಡಂಬರವು ಕಡಮೆಯಾದೆಡೆಯಲ್ಲಿ ಸಂಬಂಧಗಳ ಸ್ವರೂಪವು ಹೆಚ್ಚು ನಿಚ್ಚಳವಾಗಿ ತೋರುವುದು.

ಡಾಡರ್ ನದಿಯು ಲಿಫಿಯನ್ನು ಸೇರುವಲ್ಲಿ ಡಬ್ಲಿನ್ ನಗರದ ರಿಂಗ್ಸೆಂಡ್ ಎಂಬ ಕೇರಿಯಿದೆ. ಅಲ್ಲಿಯ ಷ್ಯಾಮ್‌ರಾಕ್ ಅವೆನ್ಯೂ ಎಂಬ ಬೀದಿಯಲ್ಲಿ ಕೋಣೆಯನ್ನು ಹಿಡಿದ ಹುಡುಗರ ಗುಂಪೊಂದು ಆ ಬೀದಿಯ ಹೆಸರನ್ನೇ ತಳೆದು ಷ್ಯಾಮ್‌ರಾಕ್ ರೋವರ್ಸ್ ಎಂದಾಯಿತು. ಅದು 1899ರಲ್ಲಿ ನಡೆಯಿತೋ 1901ರಲ್ಲೋ ಎಂಬುದರ ಮೇಲೆ ಅಭಿಮಾನಿಗಳಲ್ಲಿಯೇ ವಾದವುಂಟು. ಹುಟ್ಟಿದ ವರ್ಷಕ್ಕಾಗಿ ಇಷ್ಟು ಜಗಳವಾಡುವವರಿರುವುದೇ ಆ ಕ್ಲಬ್ಬಿನ ಆಯುಷ್ಯದ ಗುಟ್ಟೆಂದರೂ ಸಲ್ಲುವುದು. 1922-23ರಲ್ಲಿ ಲೀಗಿಗೆ ಕಾಲಿಟ್ಟ ವರ್ಷವೇ ಪ್ರಶಸ್ತಿಯನ್ನು ಗೆದ್ದು, 1926ರಲ್ಲಿ ಮಿಲ್‌ಟೌನಿನಲ್ಲಿ ಮೈದಾನವನ್ನು ಕಂಡುಕೊಂಡು, ಹಸುರು-ಬಿಳಿ ಅಡ್ಡಪಟ್ಟೆಯ ಅಂಗಿಯನ್ನು ತೊಟ್ಟು, ಅದು ದೇಶದ ಅಗ್ರಗಣ್ಯ ತಂಡವಾಗಿ ಬೆಳೆಯಿತು. ಮೂವತ್ತರ ದಶಕದಲ್ಲಿ ಒಡೆತನಕ್ಕೆ ಬಂದ ಕನಿಂಗ್‌ಹ್ಯಾಮ್ ಮನೆತನವು ತನ್ನ ಪೂರ್ವಿಕರ ಊರನ್ನು ನೆನೆದು ಆ ಮೈದಾನಕ್ಕೆ ಗ್ಲೆನ್‌ಮಲೂರ್ ಪಾರ್ಕ್ ಎಂದು ಹೆಸರಿಟ್ಟಿತು. ಆಟಗಾರನೂ ತರಬೇತುಗಾರನೂ ಒಬ್ಬನೇ ಆಗಿದ್ದ ಪ್ಯಾಡಿ ಕೋಡ್ ಕಟ್ಟಿದ ಎಳೆಯರ ತಂಡವು 1957ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನೆದುರು ಡಬ್ಲಿನ್ನಿನಲ್ಲಿಯೇ 6-0 ಸೋತು, ಮರುಪಂದ್ಯದಲ್ಲಿ 3-2ರ ಸೋಲಿನವರೆಗೂ ಹೋರಾಡಿದುದನ್ನೂ, 1964ರಿಂದ 1969ರವರೆಗೆ ಆರು ವರ್ಷ ಎಡೆಬಿಡದೆ ದೇಶದ ಕಪ್ಪನ್ನು ಗೆದ್ದುದನ್ನೂ ಹೇಳಿದರೆ ವೈಭವದ ಕಥೆಯು ಇಲ್ಲಿಗೆ ಸಾಕು.

1972ರಲ್ಲಿ ಕ್ಲಬ್ಬು ಕಿಲ್ಕಾಯ್ನ್ ಸೋದರರ ಕೈಸೇರಿತು. ಮುಂದೆ ನಡೆದುದನ್ನು ತಿಳಿದವರು ಅವರನ್ನು ಖಳರೆಂದೇ ಚಿತ್ರಿಸುವುದು ವಾಡಿಕೆ. ಆದರೆ ನ್ಯಾಯವಾಗಿ ನುಡಿಯುವುದಾದರೆ, ಲೀಡ್ಸ್ ತಂಡದ ಖ್ಯಾತಿಯ ಜಾನಿ ಜೈಲ್ಸನನ್ನು 1977ರಲ್ಲಿ ಕರೆತಂದು ಐರಿಷ್ ಫುಟ್‌ಬಾಲನ್ನು ಪೂರ್ಣಕಾಲದ ವೃತ್ತಿಯಾಗಿಸುವ ಹಂಬಲವನ್ನು ಪಟ್ಟವರೂ ಅವರೇ. 1984ರಿಂದ 1987ರವರೆಗೆ ಸತತವಾಗಿ ನಾಲ್ಕು ಸಲ ಲೀಗನ್ನು ಗೆದ್ದ ತಂಡಕ್ಕೆ ಸಂಬಳ ಕೊಟ್ಟವರೂ ಅವರೇ. ಗೆಲುವು ಬೆಳೆದಂತೆ ಜನ ಬೆಳೆಯಲಿಲ್ಲ, ಟಿಕೆಟಿನ ಹಣವು ಖರ್ಚಿಗೆ ಸಾಲಲಿಲ್ಲ. ಇಷ್ಟನ್ನೂ ಒಪ್ಪಿದ ಮೇಲೆ, ಮೈದಾನದ ನೆಲವನ್ನು ಅದರ ಮೂಲ ಒಡೆಯರಾದ ಜೆಸ್ಯೂಯಿಟ್ ಪಾದ್ರಿಗಳಿಂದ ಕೊಂಡು, ಮನೆ ಕಟ್ಟುವ ವ್ಯಾಪಾರಿಗಳಿಗೆ ಮಾರಿ, ಕ್ಲಬ್ಬನ್ನು ಊರಿನ ಮತ್ತೊಂದು ತುದಿಯ ಟೋಲ್ಕಾ ಪಾರ್ಕಿಗೆ ಸಾಗಿಸಿದ 1987ರ ಕೃತ್ಯವನ್ನು ಏನೆನ್ನಬೇಕು? ಕಾಗದದ ಮೇಲೆ ದೋಷವಿರಲಿಲ್ಲ. ಮೊಕ್ತೇಸರನಾದವನು ದೀಪದೆಣ್ಣೆಗೆ ಕೈಯಿಂದಲೇ ಹಣ ಹಾಕಿದ್ದೇನೆಂದು ಹೇಳಿ ದೇವರ ಜಮೀನನ್ನು ವಿಕ್ರಯಿಸಿದರೆ ಊರಿನವರಿಗೆ ಆಗುವ ಸಂಕಟವೇ ಮಿಲ್‌ಟೌನಿನವರಿಗೂ ಆದುದು. ಆದರೆ ದೇವಸ್ವಕ್ಕಿರುವ ಕಾನೂನಿನ ರಕ್ಷೆ ಆಟದ ಮೈದಾನಕ್ಕೆ ಇರಲಿಲ್ಲ.

ಆಗ ಅಭಿಮಾನಿಗಳು ಹಿಡಿದ ದಾರಿಯು ವಿಲಕ್ಷಣವಾದುದು. ರೋವರ್ಸನ್ನು ಮಿಲ್‌ಟೌನಿನಲ್ಲಿ ಉಳಿಸಿಕೊಳ್ಳುವುದಕ್ಕೆಂದು ಸಂಘಟನೆಯನ್ನು ಕಟ್ಟಿ, ಹಣ ಕೂಡಿಸಿ, ನೆಲವನ್ನು ತಾವೇ ಕೊಳ್ಳಲು ಯತ್ನಿಸಿ, ಅದು ಕೈಗೂಡದೆ ಹೋದಾಗ ಟೋಲ್ಕಾ ಪಾರ್ಕಿನ ಬಾಗಿಲ ಹೊರಗೆ ಫಲಕ ಹಿಡಿದು ನಿಂತರು. ಒಳಗೆ ತಮ್ಮ ತಂಡವೇ ಆಡುತ್ತಿರಲು ತಾವು ಬೀದಿಯಲ್ಲಿ ನಿಂತರು. ಪ್ರೀತಿಸುವುದನ್ನು ಕಾಣದಿರುವುದೇ ಪ್ರೀತಿಯ ಕರ್ತವ್ಯವೆಂದಾದ ಇಂಥ ಸಂದರ್ಭಗಳು ಆಟದ ಚರಿತ್ರೆಯಲ್ಲಿ ವಿರಳ. ಪ್ರೇಕ್ಷಕರಿಲ್ಲದ ಕ್ಲಬ್ಬಿಗೆ ಬೆಲೆಯೂ ಇಲ್ಲವೆಂಬುದು ಒಂದೇ ಋತುವಿನಲ್ಲಿ ಸಿದ್ಧವಾಯಿತು, 1988ರಲ್ಲಿ ಒಡೆತನವು ಬೇರೆಯವರ ಪಾಲಾಯಿತು. ಮಿಲ್‌ಟೌನಿನಲ್ಲಿ ಮಾತ್ರ ಮನೆಗಳೆದ್ದವು.

ಮೈದಾನವೇ ಕ್ಲಬ್ಬಿನ ಪ್ರಾಣವೆಂಬವರಿಗೆ ಅನಂತರದ ಇಪ್ಪತ್ತೆರಡು ವರ್ಷಗಳೇ ಪ್ರತ್ಯುತ್ತರ. ಇಂದು ಡಾಲಿಮೌಂಟ್, ನಾಳೆ ಕುದುರೆಗಳ ಪ್ರದರ್ಶನದ ಬಯಲಾದ ಆರ್.ಡಿ.ಎಸ್., ಮತ್ತೆ ಟೋಲ್ಕಾ, ಮತ್ತೆ ಸ್ಯಾಂಟ್ರಿಯ ಓಟದ ಕ್ರೀಡಾಂಗಣ ಎಂದು ಬಾಡಿಗೆಮನೆಗಳಲ್ಲಿಯೇ ಕಾಲ ತಳ್ಳಿದ ತಂಡವು, ಟಾಲಾ ಎಂಬ ಉಪನಗರದಲ್ಲಿ ತೊಡಗಿದ ಕಟ್ಟಡವು ಹಣವಿಲ್ಲದೆ ನಿಂತು ಕಾಂಕ್ರೀಟಿನ ಕಂಬಗಳು ವರ್ಷಗಟ್ಟಲೆ ಮಳೆಯಲ್ಲಿ ನೆನೆಯುವುದನ್ನು ನೋಡುತ್ತ, ಅಲ್ಲಿಯೇ ಗೇಲಿಕ್ ಆಟಗಳಿಗೂ ಎಡೆಯಿರಬೇಕೆಂದು ಮತ್ತೊಂದು ಸಂಘವು ಹೂಡಿದ ಮೊಕದ್ದಮೆಯನ್ನೂ ಕಳೆದು, 2009ರ ಮಾರ್ಚ್ 13ರಂದು ಅಲ್ಲಿ ಮೊದಲ ಪಂದ್ಯವನ್ನಾಡಿ 2-1 ಗೆದ್ದಿತು. ಎದುರಾಳಿ ಸ್ಲೈಗೋ ರೋವರ್ಸ್. ಮಿಲ್‌ಟೌನಿನ ಕೊನೆಯ ಪಂದ್ಯದ ಎದುರಾಳಿಯೂ ಅದೇ. ಈ ನಡುವೆ ಆಟಗಾರರೂ ಒಡೆಯರೂ ಎಷ್ಟೋ ಸಲ ಬದಲಾಗಿದ್ದರು. ಬದಲಾಗದೆ ಬಂದವರು ನೋಡುವವರು ಮಾತ್ರ.

ಹಾಗಾದರೆ ಅಭಿಮಾನವೊಂದಿದ್ದರೆ ಕ್ಲಬ್ಬು ಸಾಯದೆಂದು ನಿರ್ಣಯಿಸಬಹುದೇ? ಅವಸರ ಸಲ್ಲದು. ಉತ್ತರ ಐರ್ಲೆಂಡಿನ ಬೆಲ್ಫಾಸ್ಟ್ ಸೆಲ್ಟಿಕ್ ಎಂಬ ಕ್ಲಬ್ಬಿಗೆ ಅಭಿಮಾನಿಗಳ ಕೊರತೆ ಇರಲಿಲ್ಲ, ಸ್ವಂತ ಮೈದಾನವಿತ್ತು, ಗೆಲುವುಗಳ ರಾಶಿಯೇ ಇತ್ತು. 1948ರ ಡಿಸೆಂಬರ್ 27ರಂದು ಲಿನ್‌ಫೀಲ್ಡಿನೊಡನೆ ವಿಂಡ್ಸರ್ ಪಾರ್ಕಿನಲ್ಲಿ ನಡೆದ ಪಂದ್ಯವು 1-1ರಲ್ಲಿ ಮುಗಿಯುತ್ತಲೇ ಎದುರಾಳಿಯ ಗುಂಪು ಮೈದಾನಕ್ಕೆ ನುಗ್ಗಿ, ಜಿಮ್ಮಿ ಜೋನ್ಸ್ ಎಂಬ ತರುಣ ಆಟಗಾರನನ್ನು ಎಳೆದು ಕೆಡವಿ ಕಾಲನ್ನು ಮುರಿಯಿತು. ಕ್ಯಾಥೊಲಿಕರ ತಂಡವೆಂಬ ದ್ವೇಷಕ್ಕೆ ಬಲಿಯಾದ ಈ ಜೋನ್ಸ್ ಪ್ರಾಟೆಸ್ಟಂಟನಾಗಿದ್ದನೆಂಬುದು ಮತೀಯ ಕ್ರೋಧದ ಕುರುಡುತನಕ್ಕೆ ಸಾಕ್ಷಿ. ಆ ಋತುವಿನ ಕೊನೆಗೆ ನಿರ್ದೇಶಕರು ಕ್ಲಬ್ಬನ್ನು ಲೀಗಿನಿಂದ ಹಿಂತೆಗೆದರು. 1949ರ ಬೇಸಗೆಯಲ್ಲಿ ಅಮೆರಿಕೆಗೆ ಹೋಗಿ ಸ್ಕಾಟ್ಲೆಂಡಿನ ರಾಷ್ಟ್ರೀಯ ತಂಡವನ್ನೇ 2-0 ಸೋಲಿಸಿ ಬಂದ ತಂಡವು ಮತ್ತೆ ಲೀಗಿಗೆ ಇಳಿಯಲಿಲ್ಲ. ಅದರ ಮೈದಾನದಲ್ಲಿ ನಾಯಿಗಳ ಓಟವು ಮುಂದುವರಿದು, ಕೊನೆಗೆ ಅಂಗಡಿಗಳ ಸಮುಚ್ಚಯವೆದ್ದಿತು. ನಿರ್ದೇಶಕರ ಭಯವು ನಿರಾಧಾರವಾದುದೆಂದು ನಾನು ಹೇಳಲಾರೆ. ಆದರೆ ಸಾವಿರಾರು ಜನರ ಬಾಳಿಗೆ ಹೆಣೆದುಕೊಂಡ ವಸ್ತುವನ್ನು ಕೆಲವೇ ಜನ ಮುಚ್ಚಿದ ಕೋಣೆಯಲ್ಲಿ ಕುಳಿತು ಮುಗಿಸಬಹುದಾಗಿತ್ತೆಂಬುದು ಸಿದ್ಧಪಟ್ಟಿತು.

ಅದೇ ಉತ್ತರ ಐರ್ಲೆಂಡಿನ ಡೆರಿ ಸಿಟಿ ಕ್ಲಬ್ಬಿನ ಗತಿಯು ಇದಕ್ಕೆ ವಿಪರೀತವಾದುದು. ಭೇಟಿಗೆ ಬಂದ ತಂಡದ ಬಸ್ಸನ್ನು 1971ರಲ್ಲಿ ಸುಟ್ಟ ಮೇಲೆ ಬ್ರ್ಯಾಂಡಿವೆಲ್ ಮೈದಾನವು ನಿಷಿದ್ಧವಾಗಿ, ದೂರದ ಕೋಲ್‌ರೇನಿನಲ್ಲಿ 'ತವರಿನ' ಪಂದ್ಯಗಳನ್ನಾಡಿ ಬೇಸತ್ತ ಕ್ಲಬ್ಬು, ಲೀಗಿನ ಇತರ ಕ್ಲಬ್ಬುಗಳು ಒಂದೇ ಮತದ ಅಂತರದಿಂದ ಬ್ರ್ಯಾಂಡಿವೆಲ್ಲಿಗೆ ಮರಳುವ ಅದರ ಬೇಡಿಕೆಯನ್ನು ತಳ್ಳಿದಾಗ 1972ರಲ್ಲಿ ಲೀಗನ್ನು ಬಿಟ್ಟಿತು. ಆದರೆ ಕ್ಲಬ್ಬನ್ನು ಮುಚ್ಚಲಿಲ್ಲ. ಹದಿಮೂರು ವರ್ಷ ಕೆಳದರ್ಜೆಯ ಆಟದಲ್ಲಿ ಹೆಸರನ್ನುಳಿಸಿಕೊಂಡು, 1985ರಲ್ಲಿ ಗಡಿಯಾಚೆಯ ಲೀಗನ್ನು ಸೇರಿ, 1989ರಲ್ಲಿ ಅಲ್ಲಿಯ ಮೂರು ಪ್ರಶಸ್ತಿಗಳನ್ನೂ ಒಟ್ಟಿಗೆ ಗೆದ್ದಿತು. ತರಬೇತುಗಾರನು ರೋವರ್ಸಿನ ಎಂಬತ್ತರ ದಶಕದ ಗೆಲುವುಗಳಿಗೆ ಬುನಾದಿ ಹಾಕಿದ ಜಿಮ್ ಮೆಕ್‌ಲಾಫ್ಲಿನ್. ಬೆಲ್ಫಾಸ್ಟಿನ ಜನರಿಗಿಂತ ಡೆರಿಯ ಜನರ ಪ್ರೀತಿ ಹೆಚ್ಚಿನದೆಂದು ಯಾರು ಅಳೆಯಬಲ್ಲರು? ನಿರ್ಣಯವು ಯಾರ ಕೈಯಲ್ಲಿತ್ತೆಂಬುದೇ ಭೇದ.

ರೋವರ್ಸಿನ ಅಭಿಮಾನಿಗಳಿಗೆ ಈ ಅರಿವು 2005ರಲ್ಲಿ ಫಲಿಸಿತು. ಸಾಲದ ಭಾರದಿಂದ ಕ್ಲಬ್ಬು ನ್ಯಾಯಾಲಯದ ರಕ್ಷಣೆಗೆ ಬಿದ್ದು, ತನ್ನ ಚರಿತ್ರೆಯಲ್ಲಿ ಮೊದಲ ಸಲ ಕೆಳದರ್ಜೆಗೂ ಇಳಿದ ಆ ವರ್ಷ, ತಿಂಗಳ ವಂತಿಗೆ ಕೊಡುತ್ತಿದ್ದ ಸದಸ್ಯರ ಕೂಟವೊಂದು ಅದನ್ನು ಕೊಂಡುಕೊಂಡಿತು. ಸದಸ್ಯನೊಬ್ಬನಿಗೆ ಒಂದು ಮತ. ಮರುವರ್ಷವೇ ಮೇಲ್ದರ್ಜೆಗೆ ಏರಿ, 2011ರಲ್ಲಿ ಬೆಲ್‌ಗ್ರೇಡಿನಲ್ಲಿ ಪಾರ್ಟಿಜಾನನ್ನು ಮಣಿಸಿ ಯೂರೋಪಿನ ಸ್ಪರ್ಧೆಯೊಂದರ ಗುಂಪುಹಂತವನ್ನು ಮುಟ್ಟಿದ ಮೊದಲ ಐರಿಷ್ ಕ್ಲಬ್ಬಾದುದು ಅದರ ಮುಂದಿನ ಕಥೆ.

ಸದಸ್ಯರ ಒಡೆತನವು ಸರ್ವರೋಗಕ್ಕೂ ಮದ್ದಲ್ಲ. ವಂತಿಗೆಯ ಹಣದಿಂದ ತರುಣ ಆಟಗಾರರ ಶಿಕ್ಷಣಶಾಲೆಯನ್ನು ನಡೆಸುವುದು ಕಷ್ಟವೆಂದು ಕಂಡಾಗ ರೇ ವಿಲ್ಸನ್, ಡರ್ಮಟ್ ಡೆಸ್ಮಂಡ್ ಎಂಬ ಇಬ್ಬರು ಧನಿಕರಿಗೆ ಕಾಲುಕಾಲು ಪಾಲನ್ನು ಬಿಟ್ಟುಕೊಡಲಾಯಿತು; ಉಳಿದರ್ಧವು ಸದಸ್ಯರದು. ಇದನ್ನು ಶರಣಾಗತಿಯೆನ್ನುವವರ ಜೊತೆ ನನಗೆ ಸಹಮತವಿಲ್ಲ. ಕೊಟ್ಟವರು ಸದಸ್ಯರೇ ಆಗಿದ್ದರು, 1987ರಲ್ಲಿ ಅವರನ್ನು ಕೇಳಿದವರೇ ಇರಲಿಲ್ಲ. ಇದಲ್ಲದೆ ಟಾಲಾದ ಕ್ರೀಡಾಂಗಣವು ಕ್ಲಬ್ಬಿನದಲ್ಲ, ಸೌತ್ ಡಬ್ಲಿನ್ ಕೌಂಟಿ ಕೌನ್ಸಿಲಿನದು. ಸ್ವಂತ ನೆಲವಿಲ್ಲದಿರುವುದನ್ನು ಕೊರತೆಯೆಂದು ದುಃಖಿಸುವ ಹಳಬರು ಈಗಲೂ ಇದ್ದಾರೆ. ಆದರೆ ಷೇರುಗಳನ್ನು ಯಾರು ಕೊಂಡರೂ ಆ ಹುಲ್ಲಿನ ಮೇಲೆ ಮನೆಗಳ ನಕ್ಷೆಯನ್ನು ಬರೆಯುವ ಅಧಿಕಾರವು ಅವರಿಗೆ ಆ ಕೊಳ್ಳುವಿಕೆಯಿಂದ ಬಾರದು.