ಗೇಟಿನ ಹೊರಗೆ ನಿಂತವರ ಸಂಸ್ಕೃತಿ ಪ್ರೇಮ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ನೀಹೌ ದ್ವೀಪದ ಮಾತು ಬಂತು. ಹವಾಯಿಯಲ್ಲಿರೋ, ಸುಮಾರು 180 ಚದರ ಕಿಲೋಮೀಟರಿನ, ಒಂದೇ ಕುಟುಂಬಕ್ಕೆ ಸೇರಿದ ದ್ವೀಪ. ಟಾರು ರಸ್ತೆ ಇಲ್ಲ, ಕರೆಂಟ್ ಲೈನ್ ಇಲ್ಲ, ಮನೆಮಾತು ಇವತ್ತಿಗೂ ಹವಾಯಿಯನ್. "ನೋಡಪ್ಪ, ಸಂಸ್ಕೃತಿ ಉಳಿಸೋದು ಅಂದ್ರೆ ಹಿಂಗೆ. ನಮ್ಮ ಹಳ್ಳಿಗಳಿಗೂ ಗೇಟ್ ಹಾಕ್ಬೇಕಿತ್ತು" ಅಂದ ಗೆಳೆಯ. ಹಳ್ಳಿಯಲ್ಲೇ ಹುಟ್ಟಿ ಬೆಳೆದ ನನಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯ್ತು.

ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? 1864ರಲ್ಲಿ ಎಲಿಜಬೆತ್ ಸಿಂಕ್ಲೇರ್ ಎಂಬಾಕೆ ಹವಾಯಿಯ ರಾಜನಿಂದ 10,000 ಡಾಲರಿಗೆ ದ್ವೀಪವನ್ನು ಕೊಂಡಳು, ಅಲ್ಲಿ ಜನ ವಾಸವಿದ್ದಾಗಲೇ! ಅವಳ ವಂಶದ ರಾಬಿನ್ಸನ್ ಕುಟುಂಬವೇ ಈಗಲೂ ಒಡೆಯರು. ಅವರ ಅನುಮತಿಯಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ದುಡ್ಡು ಕೊಟ್ಟವರಿಗೆ ಮಾತ್ರ ಹೆಲಿಕಾಪ್ಟರಿನಲ್ಲಿ ಅರ್ಧ ದಿನದ ಪ್ರವಾಸ, ಬೇಟೆ ಎಲ್ಲಾ ಉಂಟು. ಊರಿಗೆ ಕೆಲಸ ಕೊಡುತ್ತಿದ್ದ ದನ-ಕುರಿ ಸಾಕಣೆ 1999ರಲ್ಲಿ ನಿಂತಿತು. ನೆಲವೂ ಕೆಲಸವೂ ಒಬ್ಬರದ್ದೇ ಆದಮೇಲೆ ತೀರ್ಮಾನವೂ ಅವರದ್ದೇ ತಾನೆ?

ಒಪ್ಪುತ್ತೇನೆ, 1896ರ ಕಾನೂನು ಹವಾಯಿಯ ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಉಳಿದ ದ್ವೀಪಗಳಲ್ಲಿ ಮಕ್ಕಳ ಬಾಯಿಂದ ತಾಯ್ನುಡಿ ಜಾರಿಹೋಯಿತು, ನೀಹೌನಲ್ಲಿ ಉಳಿಯಿತು. ಅದರಲ್ಲಿ ಬೇಲಿಯ ಪಾಲೂ ಇದೆ. ಆದರೆ ಬೇಲಿ ಜೋಗುಳ ಹಾಡಲ್ಲ. ಮಕ್ಕಳನ್ನು ಅದೇ ಭಾಷೆಯಲ್ಲಿ ಮುದ್ದು ಮಾಡಿ, ಅದರಲ್ಲೇ ಬೈದು ಬೆಳೆಸಿದವರು ಅಲ್ಲಿನ ತಾಯಂದಿರು.

ಇನ್ನೊಂದು ವಿಷಯ. ಹವಾಯಿಯನ್ ಭಾಷೆ ಮತ್ತೆ ಚಿಗುರಿದ್ದು ಬೇಲಿಯಾಚೆ. 1984ರಲ್ಲಿ ಪಕ್ಕದ ಕವಾಯಿ ದ್ವೀಪದಲ್ಲಿ 'ಪೂನಾನ ಲಿಯೋ', ಅಂದರೆ 'ಮಾತಿನ ಗೂಡು' ಅನ್ನೋ ಶಿಶುವಿಹಾರ ಶುರುವಾಯ್ತು. ಆಮೇಲೆ ಅದೇ ಮಾಧ್ಯಮದ ಶಾಲೆಗಳು ಬಂದವು. ಅಲ್ಲಿ ಒಡೆಯರೂ ಇರಲಿಲ್ಲ, ಗೇಟೂ ಇರಲಿಲ್ಲ. ಇದ್ದದ್ದು ಅಪ್ಪ-ಅಮ್ಮಂದಿರ ಹಟ.

ಹಳ್ಳಿಗೆ ಗೇಟ್ ಹಾಕಿ ಅನ್ನೋರು ಯಾವಾಗಲೂ ಗೇಟಿನ ಹೊರಗೇ ಇರ್ತಾರೆ, ಗಮನಿಸಿ. ನಮ್ಮೂರಿಗೆ ಬೆಳಗಿನ ಬಸ್ಸು ಬರದೇ ಹೋಗಿದ್ದರೆ ನನ್ನ ಬಿಇಯೂ ಇಲ್ಲ, ಅವನ ಪಕ್ಕ ಕೂತು ಊಟ ಮಾಡೋ ಯೋಗವೂ ಇಲ್ಲ. ಮಗಳ ಜೊತೆ ಬರೀ ಇಂಗ್ಲಿಷಿನಲ್ಲೇ ಮಾತಾಡೋ ಆ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: "ನಮ್ಮೂರಿನ ರಸ್ತೆ ಅದರ ಪಾಡಿಗೆ ಇರಲಿ ಮಾರಾಯ. ಇವತ್ತು ರಾತ್ರಿ ಮಗಳಿಗೆ ಕನ್ನಡದಲ್ಲಿ ಒಂದು ಕತೆ ಹೇಳು."