ಮಗಳು ಡ್ರೈವರ್ ಬರೆಯಲಿ

ಬಿ.ಸಿ.ಎ. ಮುಗಿಸಿದ ಮಗಳು ಯು.ಎಸ್.ಬಿ. ಡ್ರೈವರ್ ಬರೆಯಲು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಅವಳ ತಂದೆಯ ಅಂಗಡಿಯ ಲೆಕ್ಕವೂ ಇದೆ, ಏನು ಮಾಡಲಿ ಎಂದು ತಾಯಿಯೊಬ್ಬರು ಕೇಳಿದ್ದಾರೆ. ಸಹೋದರಿ, ಮಗಳು ಖಂಡಿತ ಕಲಿಯಲಿ. ಲೆಕ್ಕದ ವಿಷಯದಲ್ಲಿ ನಿಮ್ಮ ಭಯವೂ ಸರಿಯಾದುದೇ.

ಡ್ರೈವರ್ ಎಂದರೆ ಇಲ್ಲಿ ವಾಹನ ಓಡಿಸುವವನಲ್ಲ. ಕಂಪ್ಯೂಟರಿಗೂ ಅದಕ್ಕೆ ಚುಚ್ಚಿದ ಸಾಧನಕ್ಕೂ ನಡುವೆ ನಿಂತು ಮಾತನಾಡಿಸುವ ದುಭಾಷಿ. 1996ರಲ್ಲಿ ಯು.ಎಸ್.ಬಿ. ಬರುವ ಮೊದಲು ಪ್ರಿಂಟರಿಗೊಂದು, ಮೌಸಿಗೊಂದು ಬೇರೆ ಬೇರೆ ಕಿಂಡಿಗಳಿದ್ದವು. ಅದನ್ನು ರೂಪಿಸಿದವರಲ್ಲಿ ವಡೋದರದಲ್ಲಿ ಓದಿದ ಅಜಯ್ ಭಟ್ ಪ್ರಮುಖರು.

ಸಾಧನವನ್ನು ಚುಚ್ಚಿದೊಡನೆ ಅದು ತನ್ನ ಎರಡು ಸಂಖ್ಯೆಗಳನ್ನು ಹೇಳುತ್ತದೆ: ತಯಾರಕರದೊಂದು, ಆ ಮಾದರಿಯದೊಂದು. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಎಂಬ ಆದೇಶ ಕೊಟ್ಟರೆ ಇವು ಕಾಣುತ್ತವೆ. ಸ್ಯಾನ್‌ಡಿಸ್ಕ್ ತಯಾರಕರ ಸಂಖ್ಯೆ 0781. ಈ ಸಂಖ್ಯೆಗಳು ಹೊಂದಿದರೆ ಲಿನಕ್ಸ್ ನಮ್ಮ ಡ್ರೈವರಿನ 'ಪ್ರೋಬ್' ಎಂಬ ಭಾಗವನ್ನು ಕರೆಯುತ್ತದೆ, ಸಾಧನ ಕಿತ್ತಾಗ 'ಡಿಸ್‌ಕನೆಕ್ಟ್' ಭಾಗವನ್ನು. ಕಷ್ಟವಿರುವುದು ಈ ಎರಡನೆಯದರಲ್ಲೇ. ಬಳಸುವವರು ಯಾವ ಗಳಿಗೆಯಲ್ಲೂ ಪೆನ್‌ಡ್ರೈವ್ ಕಿತ್ತುಬಿಡಬಹುದು. ಆಗ ನಡೆಯುತ್ತಿದ್ದ ಕೆಲಸ ನಿಲ್ಲಿಸಿ, ಪಡೆದ ಮೆಮೊರಿಯನ್ನು ಹಿಂತಿರುಗಿಸಬೇಕು. ತಪ್ಪಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು, ಏಕೆಂದರೆ ಈ ಡ್ರೈವರ್ ಕೆಲಸ ಮಾಡುವುದು ಲಿನಕ್ಸ್‌ನ ಹೃದಯಭಾಗವಾದ ಕರ್ನೆಲ್‌ನೊಳಗೆ.

ಆದ್ದರಿಂದ ಮೊದಲು ಅಂಗಡಿಯ ಲೆಕ್ಕದ ಪ್ರತಿ ತೆಗೆದು ಬೇರೆಡೆ ಇಡಿ. ಅನಂತರ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಮಾಡಿಕೊಂಡು ಅವಳು ಅಲ್ಲೇ ಅಭ್ಯಾಸ ಮಾಡಲಿ. ಒಳಗಿನದು ಕುಸಿದರೂ ಹೊರಗಿನದು ಸಾಮಾನ್ಯವಾಗಿ ಸುರಕ್ಷಿತ.

ಸಿ ಭಾಷೆ, ಅದರಲ್ಲೂ ಪಾಯಿಂಟರುಗಳು ಗಟ್ಟಿಯಿರದಿದ್ದರೆ ಇದಕ್ಕೆ ಕೈಹಾಕುವುದು ಬೇಡ. 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಪುಸ್ತಕದ 2005ರ ಮೂರನೇ ಆವೃತ್ತಿ ಉಚಿತವಾಗಿ ಸಿಗುತ್ತದೆ. ವಿಚಾರ ತಿಳಿಯಲು ಅದನ್ನು ಓದಲಿ, ಆದರೆ ಅದರ ಹಳೆಯ ಕೋಡ್ ಇಂದಿನ ಕರ್ನೆಲ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಕರ್ನೆಲ್ ಜೊತೆಗೇ ಬರುವ 'ಯುಎಸ್‌ಬಿ ಸ್ಕೆಲಿಟನ್' ಎಂಬ ಮಾದರಿಯೇ ಒಳ್ಳೆಯ ಗುರು.

ಹೊಸಬರನ್ನು ಅಳಿಸುವ ಸಂಗತಿ ಇನ್ನೊಂದಿದೆ. ಎಲ್ಲವನ್ನೂ ಸರಿಯಾಗಿ ಬರೆದರೂ ಪ್ರೋಬ್‌ಗೆ ಕರೆ ಬರುವುದೇ ಇಲ್ಲ! ಲಿನಕ್ಸ್‌ನದೇ 'ಯುಎಸ್‌ಬಿ ಸ್ಟೋರೇಜ್' ಡ್ರೈವರ್ ಪೆನ್‌ಡ್ರೈವನ್ನು ಆಗಲೇ ವಶಪಡಿಸಿಕೊಂಡಿರುತ್ತದೆ. ಅದನ್ನು ಮೊದಲು ಇಳಿಸಬೇಕು. ಮೌಸಿನ ಮೇಲೆ ಈ ಪ್ರಯೋಗ ಬೇಡ, ಅದರ ಡ್ರೈವರ್ ಇಳಿಸಿದರೆ ಯು.ಎಸ್.ಬಿ. ಕೀಬೋರ್ಡೂ ಹೋಗುತ್ತದೆ.

ಇದರಿಂದ ನಾಳೆಯೇ ನೌಕರಿ ಸಿಗುತ್ತದೆಂದು ಹೇಳಲಾರೆ. ಆದರೆ ಮಹಿಳೆಯರನ್ನು ಈ ಕ್ಷೇತ್ರಕ್ಕೆ ತರಲೆಂದೇ ಆರಂಭವಾದ, ಈಗ ಔಟ್‌ರೀಚಿ ಎಂದು ಕರೆಯಲಾಗುವ ತರಬೇತಿಯನ್ನು 2013ರಲ್ಲಿ ಲಿನಕ್ಸ್ ಕರ್ನೆಲ್ ತಂಡವೂ ಸೇರಿತು. ಅದರಲ್ಲಿ ಮನೆಯಿಂದಲೇ ಕೆಲಸ, ಭತ್ಯೆಯೂ ಉಂಟು. ಆಯ್ಕೆಗೆ ಮೊದಲೇ ಸಣ್ಣಪುಟ್ಟ ತಿದ್ದುಪಡಿಗಳನ್ನು ಮಾಡಿ ಕಳುಹಿಸಬೇಕಾಗುತ್ತದೆ. ಸಿ ಗಟ್ಟಿಯಾದ ಮೇಲೆ ಮಗಳು ಆ ದಾರಿಯನ್ನೂ ನೋಡಲಿ.